ಅಳತೆಯ ಆಟ

ವಯಸ್ಸಾದವನೊಬ್ಬ ಮೇಜಿನ ಮುಂದೆ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಂಗೈಯಗಲದ ವಿಮಾನವೊಂದಕ್ಕೆ ಚಕ್ರ ಅಂಟಿಸುತ್ತಿರುವುದನ್ನು ಕಂಡರೆ ನಮ್ಮಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ: "ಮೊಮ್ಮಗನಿಗೆ ಮಾಡಿಕೊಡುತ್ತಿದ್ದೀರೇನು?" "ಇಲ್ಲ, ನನಗೇ" ಎಂಬ ಉತ್ತರ ಬಂದ ಮೇಲೆ ಸ್ವಲ್ಪ ಹೊತ್ತು ಮೌನ ನೆಲೆಸುತ್ತದೆ. ಆ ಮೌನ ನನಗೆ ಬಹುಕಾಲದ ಪರಿಚಯ. ಬಂದವರು ಸೌಜನ್ಯದಿಂದ ಮಾತು ಬದಲಿಸುತ್ತಾರೆ. ಮಳೆ ಬೆಳೆಯ ವಿಚಾರ ಬರುತ್ತದೆ. ಇಂದು ಮಾತು ಬದಲಿಸುವ ಅವಕಾಶ ಕೇಳುವವರಿಗೆ ಇಲ್ಲವಾದ್ದರಿಂದ, ಪ್ರೌಢರು ಅಳತೆಯ ಮಾದರಿಗಳನ್ನು ಕಟ್ಟುವುದರಲ್ಲಿ ಏನು ಸುಖವಿದೆ ಎಂಬುದನ್ನು ನಾನು ಕಂಡಷ್ಟು ಹೇಳಲು ಪ್ರಯತ್ನಿಸುತ್ತೇನೆ.

ಸಾಹಿತ್ಯಪ್ರಿಯರಿಗೆ ಈ ಹವ್ಯಾಸದ ಪರಿಚಯವನ್ನು ಕಾದಂಬರಿಯೊಂದರಿಂದಲೇ ಮಾಡಿಕೊಡಬಹುದು. ಲಾರೆನ್ಸ್ ಸ್ಟರ್ನ್ 1759ರಿಂದ 1767ರವರೆಗೆ ಬಿಡಿಬಿಡಿ ಸಂಪುಟಗಳಾಗಿ ಹೊರತಂದ 'ಟ್ರಿಸ್ಟ್ರಮ್ ಶ್ಯಾಂಡಿ'ಯಲ್ಲಿ ಟೋಬಿ ಎಂಬ ಚಿಕ್ಕಪ್ಪನೊಬ್ಬನಿದ್ದಾನೆ. ಸೈನ್ಯದಲ್ಲಿದ್ದವನು. 1695ರ ನಾಮೂರ್ ಮುತ್ತಿಗೆಯಲ್ಲಿ ಕೋಟೆಯ ಗೋಡೆಯಿಂದ ಸಿಡಿದ ಕಲ್ಲು ತಗಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಾನೆ. ನೋಡಲು ಬಂದವರೆಲ್ಲ ಕೇಳುವುದು ಒಂದೇ: ಗಾಯವಾದದ್ದು ಎಲ್ಲಿ? ಕಂದಕ ಯಾವ ಕಡೆ, ಕೊತ್ತಳ ಯಾವ ಕಡೆ, ತಾನು ನಿಂತಿದ್ದ ಜಾಗ ಯಾವುದು ಎಂದು ವಿವರಿಸಹೊರಟರೆ ಮಾತು ಗೋಜಲಾಗುತ್ತದೆ. ಮಾತು ಗೋಜಲಾದಷ್ಟೂ ಗಾಯ ಮಾಯುವುದು ತಡವಾಗುತ್ತದೆ. ಕೊನೆಗೆ ನಕ್ಷೆ ತರಿಸುತ್ತಾನೆ. ನಕ್ಷೆಯೂ ಸಾಲದಾದಾಗ, ಸೇವಕ ಟ್ರಿಮ್‌ನ ಸಲಹೆಯಂತೆ ಹಳ್ಳಿಗೆ ಹೋಗಿ, ಹುಲ್ಲಿನಂಗಳದಲ್ಲಿ ಕೋಟೆಯನ್ನೇ ಅಳತೆಗೆ ತಕ್ಕಂತೆ ಕಟ್ಟತೊಡಗುತ್ತಾನೆ. ಮಾರ್ಲ್‌ಬರೋ ಡ್ಯೂಕನ ಸೈನ್ಯ ಯಾವ ಪಟ್ಟಣವನ್ನು ಮುತ್ತಿತೆಂದು ಪತ್ರಿಕೆಯಲ್ಲಿ ಓದಿ, ಇಲ್ಲಿ ಇವರಿಬ್ಬರೂ ಅದೇ ಪಟ್ಟಣವನ್ನು ಮುತ್ತುತ್ತಾರೆ. ಫಿರಂಗಿ ಎರಕ ಹೊಯ್ಯಲು ಸೀಸ ಸಾಲದೆ ಟ್ರಿಮ್ ಮನೆಯ ಕಿಟಕಿಗಳ ಒಳಗಿನ ತೂಕದ ಗುಂಡುಗಳನ್ನೇ ಕಿತ್ತುಬಿಡುತ್ತಾನೆ. ತೂಕವಿಲ್ಲದ ಆ ಕಿಟಕಿಯೊಂದು ಮುಂದೆ ಮಾಡಿದ ಅನಾಹುತವನ್ನು ಕಾದಂಬರಿಯಲ್ಲಿಯೇ ಓದಬೇಕು, ಬಾನುಲಿಯಲ್ಲಿ ಹೇಳುವಂಥದಲ್ಲ. 1713ರಲ್ಲಿ ಯೂಟ್ರೆಕ್ಟ್ ಒಪ್ಪಂದವಾಗಿ ಯುದ್ಧ ನಿಂತಾಗ ದೇಶಕ್ಕೆಲ್ಲ ಸಂತೋಷ, ಟೋಬಿಗೆ ಮಾತ್ರ ಸಂಕಟ.

ಇಂಗ್ಲಿಷಿನ 'ಹಾಬಿ' ಎಂಬ ಮಾತು ಮೂಲದಲ್ಲಿ ಪುಟ್ಟ ಕುದುರೆಯ ಹೆಸರು. ಅದರಿಂದ ಮಕ್ಕಳ ಕೋಲುಕುದುರೆಗೆ ಆ ಹೆಸರು ಬಂತು. ಮನುಷ್ಯ ದೊಡ್ಡವನಾದ ಮೇಲೂ ಒಂದು ಕೋಲುಕುದುರೆಯನ್ನು ಬಿಡದೆ ಏರಿರುತ್ತಾನೆಂಬ ತಮಾಷೆಯನ್ನು ಸ್ಟರ್ನ್ ತನ್ನ ಪುಸ್ತಕದುದ್ದಕ್ಕೂ ಬೆಳೆಸಿದ್ದಾನೆ. ಟೋಬಿಯನ್ನು ನೋಡಿ ನಾವು ನಗುತ್ತೇವೆ. ಆದರೆ ಅವನು ಆಟವಾಡಲೆಂದು ಕೋಟೆ ಕಟ್ಟಿದವನಲ್ಲ. ತನಗೆ ಏನಾಯಿತು, ಎಲ್ಲಿ ಆಯಿತು ಎಂಬುದು ಮಾತಿಗೆ ಸಿಗದಿದ್ದಾಗ ಕೈಯಿಂದ ಹಿಡಿಯಲು ಹೊರಟವನು. ಈ ಹವ್ಯಾಸದ ತಿರುಳು ಅಲ್ಲಿದೆಯೆಂದು ನನ್ನ ಎಣಿಕೆ.

ಇನ್ನು 'ಅಳತೆ' ಎಂದರೇನು? ನವರಾತ್ರಿಯ ಗೊಂಬೆ ಕೂರಿಸುವ ಮನೆಗಳಲ್ಲಿ ನೀವು ನೋಡಿದ್ದೀರಿ: ಮೆಟ್ಟಿಲುಗಳ ಪಕ್ಕದಲ್ಲಿ ಪುಟ್ಟದೊಂದು ಊರು. ಮೊಳಕೆ ಬಂದ ರಾಗಿ ಅಲ್ಲಿ ಗದ್ದೆ, ಕನ್ನಡಿಯ ಚೂರು ಕೆರೆ. ಕೆರೆಯ ದಡದಲ್ಲಿ ನಿಂತ ಬಾತುಕೋಳಿ ಪಕ್ಕದ ದೇವಸ್ಥಾನದಷ್ಟೇ ಎತ್ತರ; ಕೃಷ್ಣನ ಕೊಳಲು ಅರಮನೆಯ ಕಂಬಕ್ಕಿಂತ ದಪ್ಪ. ಅದರಿಂದ ಸೊಗಸಿಗೇನೂ ಕುಂದಿಲ್ಲ, ಅದರ ಸೊಗಸು ಬೇರೆ. ಆದರೆ ಬಾತುಕೋಳಿ, ದೇವಸ್ಥಾನ, ಕೆರೆ, ಕೊಳಲು ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕುಗ್ಗಿಸಬೇಕೆಂದು ನಾವು ಹಠ ಹಿಡಿದ ಗಳಿಗೆಯಲ್ಲಿ ಆಟದ ಸ್ವರೂಪ ಬದಲಾಗುತ್ತದೆ. ಎಪ್ಪತ್ತೆರಡರಲ್ಲಿ ಒಂದು ಎಂದರೆ ಎಲ್ಲವೂ ಎಪ್ಪತ್ತೆರಡರಲ್ಲಿ ಒಂದು. ಬಾಗಿಲ ಚಿಲಕಕ್ಕೂ ರಿಯಾಯಿತಿ ಇಲ್ಲ.

ಈ ಎಪ್ಪತ್ತೆರಡು ಎಲ್ಲಿಂದ ಬಂತು ಎಂದು ಕೇಳಬಹುದು. ಆರು ಅಡಿ ಎಂದರೆ ಎಪ್ಪತ್ತೆರಡು ಅಂಗುಲ. ಆರಡಿಯ ಆಳನ್ನು ಒಂದಂಗುಲಕ್ಕೆ ಇಳಿಸಿದರೆ ಈ ಪ್ರಮಾಣ ಸಿಗುತ್ತದೆ. 1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಕಂಪನಿ 'ಪೆಂಗ್ವಿನ್' ಹೆಸರಿನಲ್ಲಿ ಪ್ಲಾಸ್ಟಿಕ್ ವಿಮಾನಗಳನ್ನು ಈ ಪ್ರಮಾಣದಲ್ಲಿ ಮಾರಿತು. ಹಾರದ ವಿಮಾನವಾದ್ದರಿಂದ ಹಾರದ ಹಕ್ಕಿಯ ಹೆಸರು. ಆಮೇಲೆ ಯುದ್ಧ ಬಂತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳಿಂದ ಇದೇ ಪ್ರಮಾಣದ ಮರದ ವಿಮಾನಗಳನ್ನು ಮಾಡಿಸಲು ಹೊರಟಿತು. ಐದು ಲಕ್ಷ ಬೇಕೆಂದು ಗುರಿ ಇಟ್ಟುಕೊಂಡಿತ್ತು. ಆಕಾಶದಲ್ಲಿ ಬರುವುದು ತಮ್ಮದೋ ಶತ್ರುವಿನದೋ ಎಂದು ಗುರುತಿಸುವ ಅಭ್ಯಾಸಕ್ಕಾಗಿ ಅವು ಬೇಕಾಗಿದ್ದವು. ಲೆಕ್ಕ ಸರಳ: ಎಪ್ಪತ್ತೆರಡರಲ್ಲೊಂದು ಪಾಲಿನ ಮಾದರಿಯನ್ನು ಮೂವತ್ತೈದು ಅಡಿ ದೂರದಿಂದ ನೋಡಿದರೆ, ನಿಜವಾದ ವಿಮಾನವನ್ನು ಹೆಚ್ಚುಕಡಿಮೆ ಅರ್ಧ ಮೈಲಿಯಿಂದ ನೋಡಿದಂತೆ. ಎಲ್ಲ ಪ್ರಮಾಣಗಳ ಹುಟ್ಟೂ ಇಷ್ಟು ಶಿಸ್ತಿನದಲ್ಲ. ಜಪಾನಿನ ತಮಿಯಾ ಕಂಪನಿ 1961ರಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಯಬೇಕೆಂದು ಅಗಲವನ್ನು ಗೊತ್ತುಮಾಡಿತು. ಆಮೇಲೆ ಅಳೆದು ನೋಡಿದರೆ ಅದು ಮೂವತ್ತೈದರಲ್ಲಿ ಒಂದರಷ್ಟಿತ್ತು. ಇಂದು ಲೋಕದಲ್ಲೆಲ್ಲ ಟ್ಯಾಂಕುಗಳ ಮಾದರಿಗೆ ಅದೇ ಪ್ರಮಾಣ. ಬ್ಯಾಟರಿಯ ಗಾತ್ರ ಶಾಸ್ತ್ರವಾದ ಕಥೆ ಇದು.

ಏರ್‌ಫಿಕ್ಸ್ ಎಂಬ ಹೆಸರು ನಿಮ್ಮಲ್ಲಿ ಕೆಲವರಿಗೆ ಪರಿಚಿತವಿರಬಹುದು. ಹಂಗೆರಿಯಿಂದ ಬಂದ ನಿಕೋಲಸ್ ಕೋವ್ ಎಂಬಾತ 1939ರಲ್ಲಿ ಲಂಡನ್ನಿನಲ್ಲಿ ತೆರೆದ ಕಂಪನಿ ಅದು. ಮೊದಲು ಮಾಡಿದ್ದು ಗಾಳಿ ತುಂಬುವ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ. 1952ರಲ್ಲಿ 'ಗೋಲ್ಡನ್ ಹೈಂಡ್' ಎಂಬ ಹಡಗಿನ ಬಿಡಿಭಾಗಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಶಿಲಿಂಗಿಗೆ ಮಾರಿತು. ಆಮೇಲೆ ಸ್ಪಿಟ್‌ಫೈರ್ ವಿಮಾನ. ಆ ಚೀಲದಿಂದಲೇ ಈ ಹವ್ಯಾಸ ಸಾಮಾನ್ಯರ ಮನೆ ಹೊಕ್ಕಿತು.

ಡಬ್ಬಿ ತೆರೆದರೆ ಸಿಗುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಹುಣಿಸೆಯ ಎಲೆಕಡ್ಡಿಗೆ ಎಲೆ ಅಂಟಿದ ಹಾಗೆ ಅವಕ್ಕೆ ಬಿಡಿಭಾಗಗಳು ಅಂಟಿರುತ್ತವೆ. ಕತ್ತರಿಸಿ, ಅರದಿಂದ ಉಜ್ಜಿ, ಒಂದಕ್ಕೊಂದು ಹೊಂದಿಸಿ ನೋಡಿ, ಆಮೇಲೆ ಅಂಟಿಸಬೇಕು. ಇಲ್ಲಿ 'ಅಂಟು' ಎಂಬ ಮಾತು ಪೂರ್ತಿ ಸರಿಯಲ್ಲ. ಗೋಂದು ಎರಡು ಕಾಗದಗಳ ನಡುವೆ ಕುಳಿತು ಹಿಡಿದುಕೊಳ್ಳುತ್ತದೆ. ಈ ದ್ರಾವಕ ಹಾಗೆ ಮಾಡುವುದಿಲ್ಲ. ಅದು ಎರಡೂ ಅಂಚುಗಳನ್ನು ಒಂದಿಷ್ಟು ಕರಗಿಸಿ, ತಾನು ಆವಿಯಾಗಿ ಹೋಗುತ್ತದೆ. ಕರಗಿದ ಅಂಚುಗಳು ಬೆರೆತು ಒಂದೇ ತುಂಡಾಗುತ್ತವೆ. ಇದು ಅಂಟಿಗಿಂತ ಬೆಸುಗೆಗೆ ಹತ್ತಿರ. ಕಿಟಕಿ ತೆರೆದಿಟ್ಟುಕೊಂಡೇ ಈ ಕೆಲಸ ಮಾಡಬೇಕೆಂಬುದನ್ನು ಮರೆಯಬಾರದು. ಆ ಆವಿ ತಲೆಗೆ ಹಿತವಲ್ಲ.

ಪ್ರೌಢ ಮನಸ್ಸಿಗೆ ನಿಜವಾದ ಸ್ವಾರಸ್ಯ ಹುಟ್ಟುವುದು ಜೋಡಣೆ ಮುಗಿದ ಮೇಲೆ. ಕುಗ್ಗಿಸುವುದು ಸುಲಭವೆಂದು ನಾವು ಭಾವಿಸಿರುತ್ತೇವೆ. ಪ್ರಕೃತಿ ಹಾಗೆ ಕುಗ್ಗಲು ಒಪ್ಪುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಪರವಾನಗಿ ಪಡೆದು ತಯಾರಿಸಿದ ನ್ಯಾಟ್ ಯುದ್ಧವಿಮಾನ 1965ರ ಮತ್ತು 1971ರ ಯುದ್ಧಗಳಲ್ಲಿ ಹೆಸರು ಮಾಡಿತು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಇಪ್ಪತ್ತೆರಡು ಅಡಿಯಷ್ಟೇ. ಮಾದರಿಯಲ್ಲಿ ಅದು ಒಂಬತ್ತೂಕಾಲು ಸೆಂಟಿಮೀಟರಿನಷ್ಟು. ಬರಿ ವಿಮಾನದ ತೂಕ ಸುಮಾರು 2,200 ಕಿಲೋಗ್ರಾಮ್. ಉದ್ದ ಎಪ್ಪತ್ತೆರಡು ಪಾಲು ಕುಗ್ಗಿದರೆ ಮೇಲ್ಮೈ ಎಪ್ಪತ್ತೆರಡರ ವರ್ಗದಷ್ಟು ಕುಗ್ಗುತ್ತದೆ, ಘನಗಾತ್ರ ಎಪ್ಪತ್ತೆರಡರ ಘನದಷ್ಟು, ಅಂದರೆ 3,73,248 ಪಾಲು. ಆ ಲೆಕ್ಕದಲ್ಲಿ ಮಾದರಿ ಆರು ಗ್ರಾಮ್ ಕೂಡ ತೂಗಬಾರದು. ತೂಕದ ಮಾತು ಹೋಗಲಿ, ಅದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಕಾಣುತ್ತದೆ. ಕುಂಚದಿಂದ ಒಮ್ಮೆ ಬಳಿದ ಬಣ್ಣದ ಪದರ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗ ದಪ್ಪವಿದೆಯೆನ್ನೋಣ. ನಿಜವಾದ ವಿಮಾನದ ಮೇಲೆ ಅದು ಮೂರೂವರೆ ಮಿಲಿಮೀಟರಿಗೂ ಹೆಚ್ಚು ದಪ್ಪದ ಗಾರೆಯಾದೀತು! ತಗಡುಗಳ ಸಂದು ತೋರಿಸಲು ಕಾಲು ಮಿಲಿಮೀಟರಿನ ಗೆರೆ ಕೊರೆದರೆ, ನಿಜದಲ್ಲಿ ಅದು ಹೆಬ್ಬೆರಳು ಹೊಗುವಷ್ಟು ಅಗಲದ ಕಾಲುವೆ. ಬಟ್ಟೆಯ ಬಾವುಟ ಮಾಡಿದರೆ ತಗಡಿನಂತೆ ಸೆಟೆದು ನಿಲ್ಲುತ್ತದೆ. ನೀರಿನ ಹನಿಯಂತೂ ಯಾವ ಪ್ರಮಾಣಕ್ಕೂ ಬಗ್ಗುವುದಿಲ್ಲ. ಅಂಗುಲದಾಳಿನ ಮುಂದೆ ಅದು ಕಲ್ಲಂಗಡಿಯಷ್ಟು ದೊಡ್ಡದಾಗಿ ಕೂರುತ್ತದೆ.

ಬಣ್ಣದ ಛಾಯೆಯಲ್ಲೂ ಇದೇ ತೊಡಕು. ಮಾದರಿಯನ್ನು ಒಂದಡಿ ದೂರದಿಂದ ನೋಡುವವನು ವಾಸ್ತವವಾಗಿ ಎಪ್ಪತ್ತೆರಡು ಅಡಿ ದೂರದಿಂದ ವಿಮಾನವನ್ನು ನೋಡುತ್ತಿದ್ದಾನೆ. ದೂರದ ಗುಡ್ಡ ನೀಲಿಗೆ ತಿರುಗುವಂತೆ, ನಡುವಿನ ಗಾಳಿ ಬಣ್ಣವನ್ನು ತಿಳಿಯಾಗಿಸುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಬಳಿದ ಅದೇ ಬಣ್ಣವನ್ನು ಡಬ್ಬಿಯಿಂದ ತೆಗೆದು ಬಳಿದರೆ ಮಾದರಿ ಕಪ್ಪಿಟ್ಟಂತೆ ಕಾಣುತ್ತದೆ. ಒಂದಿಷ್ಟು ಬಿಳಿ ಬೆರೆಸಬೇಕೆಂಬುದು ಒಂದು ಪಂಥ. ಬೆರೆಸಿದರೆ ಅದು ಸುಳ್ಳಾಗುತ್ತದೆಂಬುದು ಇನ್ನೊಂದು ಪಂಥ. ನಾನು ಬೆರೆಸುವ ಪಂಥದವನು. ಕಣ್ಣಿಗೆ ನಿಜವೆನಿಸಬೇಕಾದರೆ ಅಳತೆಪಟ್ಟಿಗೆ ಒಂದಿಷ್ಟು ಸುಳ್ಳು ಹೇಳಲೇಬೇಕು. ನಾಟಕ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಟ್ ವಿಚಾರದಲ್ಲಿ ಇನ್ನೊಂದು ಮಾತು. ಏರ್‌ಫಿಕ್ಸ್ ಈ ಪ್ರಮಾಣದಲ್ಲಿ ತಂದದ್ದು ಇಬ್ಬರು ಕೂರುವ ತರಬೇತಿ ವಿಮಾನವನ್ನು, ಬ್ರಿಟನ್ನಿನವರು ಬಳಸಿದ್ದನ್ನು. ನಮ್ಮದು ಒಬ್ಬನೇ ಕೂರುವಂಥದು. ಅದರ ಒಡಲು ಗಿಡ್ಡ, ರೆಕ್ಕೆಯೂ ಮಾದರಿಯ ಲೆಕ್ಕದಲ್ಲಿ ಎಂಟು ಮಿಲಿಮೀಟರ್ ಕಿರಿದು. ಹುಡುಗನೊಬ್ಬ ಡಬ್ಬಿಯಲ್ಲಿದ್ದಂತೆ ಕಟ್ಟಿ ಸಂತೋಷಪಡುತ್ತಾನೆ, ಅದು ಅವನ ಹಕ್ಕು. ದೊಡ್ಡವನಿಗೆ ಆ ಎಂಟು ಮಿಲಿಮೀಟರ್ ಕಾಲಿಗೆ ಚುಚ್ಚಿದ ಮುಳ್ಳು. ಹಳೆಯ ಛಾಯಾಚಿತ್ರಗಳನ್ನು ಹುಡುಕುತ್ತಾನೆ, ಎಚ್.ಎ.ಎಲ್. ನಡೆಸುವ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿರುವ ವಿಮಾನಗಳ ಹೊಟ್ಟೆಯಡಿ ಬಗ್ಗಿ ನೋಡುತ್ತಾನೆ, ಯಾವ ವರ್ಷದ ವಿಮಾನ, ಆಗ ಅದರ ಮೈಬಣ್ಣ ಏನಿತ್ತು ಎಂದು ಕೇಳುತ್ತಾನೆ. ಕೈಕೆಲಸ ಹತ್ತು ಗಂಟೆಯದಾದರೆ ಈ ನೋಟ ನೂರು ಗಂಟೆಯದು. ಮನೆಯವರಿಗೆ ಕಾಣುವುದು ಹತ್ತು ಗಂಟೆ ಮಾತ್ರ, ಅದೂ ಹೆಚ್ಚಾಯಿತೆಂದು ಅವರಿಗೆ ತೋರುತ್ತದೆ.

ಡಬ್ಬಿಯಲ್ಲಿ ಸಿಗದ್ದನ್ನು ಕಟ್ಟಬೇಕೆನ್ನಿಸಿದಾಗ ಈ ಹವ್ಯಾಸ ಮತ್ತೊಂದು ಹೊಸ್ತಿಲು ದಾಟುತ್ತದೆ. ಇದಕ್ಕೆ ನಾನು ಗೌರವದಿಂದ ನೆನೆಯುವ ಹೆಸರು ರಾಯ್ ಇಂಗ್ಲೆಂಡ್. ದೇಶದ ಹೆಸರೇ ಅವನ ಮನೆತನದ ಹೆಸರಾಗಿದ್ದರೂ ಆತ ಆಸ್ಟ್ರೇಲಿಯದವನು. 1925ರಲ್ಲಿ ಇಂಗ್ಲೆಂಡಿಗೆ ಬಂದವನು ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳನ್ನು ಕಂಡು ಮರುಳಾದ. ಜೊತೆಗೆ, ಹುಲ್ಲುಮಾಡಿನ ಹಳೆಯ ಮನೆಗಳು ಒಂದೊಂದಾಗಿ ಕಳಚಿಹೋಗುತ್ತಿರುವುದನ್ನೂ ಕಂಡ. ಅವನ್ನು ಉಳಿಸಿಕೊಳ್ಳುವ ಅಧಿಕಾರವಾಗಲಿ ಹಣವಾಗಲಿ ಅವನಲ್ಲಿರಲಿಲ್ಲ. ಅಳೆಯತೊಡಗಿದ. ಎಪ್ಪತ್ತಾರರಲ್ಲೊಂದು ಪ್ರಮಾಣದಲ್ಲಿ ರಟ್ಟಿನಿಂದ ಮನೆ ಕಟ್ಟಿ, ಇಟ್ಟಿಗೆಗಳಿಗೆ ಕೈಯಿಂದ ಬಣ್ಣ ಹಾಕಿ, ನಲ್ಲಿ ಕೆಲಸದವರು ಬಳಸುವ ಸೆಣಬಿನ ನಾರಿನಿಂದ ಮಾಡು ಹೊದಿಸಿದ. ಒಂದೊಂದು ಮನೆಗೆ ತಿಂಗಳುಗಟ್ಟಲೆ ಹಿಡಿಯಿತು. 1954ರಲ್ಲಿ ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ನೆಲೆ ಕಂಡ ಈ ಕೆಲಸ ಪೆಂಡನ್ ವಸ್ತುಸಂಗ್ರಹಾಲಯವಾಗಿ ಬೆಳೆಯಿತು. 1930ರ ಸುಮಾರಿನ ಆ ಕಣಿವೆ ಹೊಲ, ಬೇಲಿ, ರೈಲುದಾರಿ, ಹೂದೋಟಗಳ ಸಮೇತ ಅಲ್ಲಿದೆ. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡ. ಬಿಡುವಿನ ವೇಳೆಯಲ್ಲಿ ಬಂದು ದುಡಿಯುವ ಸ್ವಯಂಸೇವಕರು ಕೆಲಸ ಮುಂದುವರಿಸಿದರು. ತಾವು ಹುಟ್ಟುವ ಮುಂಚಿನ ಕಾಲದ ಹಳ್ಳಿಯನ್ನು, ಬಹುಶಃ ತಾವು ಮುಗಿಸದೆ ಹೋಗುವ ಹಳ್ಳಿಯನ್ನು, ಅವರು ಕಟ್ಟುತ್ತಾರೆ.

ಇದನ್ನು ಓದಿದ ಮೇಲೆ ನನಗೆ ನಮ್ಮದೇ ಒಂದು ಮನೆಯ ನೆನಪಾಯಿತು. ನೆನಪು ಎನ್ನುವುದು ತಪ್ಪು, ನಾನು ಅದನ್ನು ಕಂಡವನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ಸಾಗರ, ಹೊಸನಗರದ ಕಡೆಯ ಅನೇಕ ಊರುಗಳು ನೀರಿನಡಿ ಹೋದವು; ನಮ್ಮ ತಂದೆಯವರ ಮನೆಯೂ ಅವುಗಳಲ್ಲೊಂದು. ಆ ಯೋಜನೆಯ ಒಳಿತು ಕೆಡುಕಿನ ಮಾತು ಇಲ್ಲಿ ಅಪ್ರಸ್ತುತ, ಈ ಮಾತನ್ನು ನಾನು ಓದುತ್ತಿರುವುದೇ ವಿದ್ಯುತ್ತಿನ ಬೆಳಕಿನಲ್ಲಿ. ನಾನು ಹುಟ್ಟಿದ್ದು ಮನೆ ಮುಳುಗಿದ ಮೇಲೆ. ಛಾಯಾಚಿತ್ರ ಒಂದೂ ಇಲ್ಲ. ಉಳಿದಿದ್ದುದು ನಮ್ಮ ಸೋದರತ್ತೆಯ ನೆನಪು. ಆ ಮನೆಯಲ್ಲಿಯೇ ಹುಟ್ಟಿ ಬೆಳೆದು, ಅಲ್ಲಿಂದಲೇ ಮದುವೆಯಾಗಿ ಹೊರಟವರು.

ನಲವತ್ತೆಂಟರಲ್ಲೊಂದು ಪ್ರಮಾಣ ಆರಿಸಿಕೊಂಡೆ. ಒಂದಡಿಗೆ ಕಾಲಂಗುಲ, ಬಡಗಿಯ ಪಟ್ಟಿಯಲ್ಲೇ ಲೆಕ್ಕ ಸಿಗುತ್ತದೆ. ಆದರೆ ಅಳೆಯುವುದು ಏನನ್ನು? "ಜಗಲಿ ಎಷ್ಟಗಲ ಇತ್ತು ಅತ್ತೆ?" ಎಂದರೆ ಅವರಿಗೆ ಅಡಿ ಅಂಗುಲಗಳಲ್ಲಿ ಹೇಳಲು ಬರದು. "ಮದುವೆ ದಿನ ಎದುರುಬದುರು ಎರಡು ಪಂಕ್ತಿ ಕೂತು ನಡುವೆ ಬಡಿಸೋವಷ್ಟು" ಎಂದರು. ಅದು ಅಳತೆಯೇ ಅಲ್ಲವೆ? ಬಾಳೆಎಲೆ ಎಷ್ಟು, ಕೂತವನ ಮಂಡಿ ಎಷ್ಟು, ಬಡಿಸುವವನ ದಾರಿ ಎಷ್ಟು ಎಂದು ಕೂಡಿಸಿದೆ; ಹನ್ನೆರಡು ಅಡಿ ಬಂತು. ಅಡಕೆ ಒಣಗಿಸುವ ಅಂಗಳವನ್ನು ಚಾಪೆಗಳಲ್ಲಿ ಹೇಳಿದರು, ಬಾವಿಯ ಆಳವನ್ನು ಹಗ್ಗದ ಸುತ್ತುಗಳಲ್ಲಿ. ಹೆಬ್ಬಾಗಿಲ ಎತ್ತರ ಗೊತ್ತಾದದ್ದು ಅಜ್ಜ ದಿನವೂ ತಲೆ ತಗ್ಗಿಸಿ ಒಳಬರುತ್ತಿದ್ದರೆಂಬ ಮಾತಿನಿಂದ. ಮೆಟ್ಟಿಲ ವಿಚಾರ ಕೇಳಿದಾಗ ಅವರು ಕಣ್ಣು ಮುಚ್ಚಿಕೊಂಡರು. ಕುರ್ಚಿಯಲ್ಲಿ ಕುಳಿತಂತೆಯೇ ಪಾದಗಳು ಒಂದಾದ ಮೇಲೊಂದು ಮೆಲ್ಲನೆ ಎದ್ದವು. "ಮೂರು, ಮಾಣಿ. ಕಡೇದು ಸ್ವಲ್ಪ ಎತ್ತರ. ಕೊಡ ಹೊತ್ತಾಗ ಅಲ್ಲೇ ಒಂದು ಕ್ಷಣ ನಿಲ್ಲಬೇಕಿತ್ತು." ಎಂಬತ್ತು ದಾಟಿದ ಮೊಣಕಾಲು ಅರವತ್ತು ವರ್ಷದ ಹಿಂದಿನ ಎರಡಂಗುಲವನ್ನು ಹಾಗೆಯೇ ಇಟ್ಟುಕೊಂಡಿತ್ತು. ಮಾದರಿಯಲ್ಲಿ ಆ ಎರಡಂಗುಲ ಎಂದರೆ ಒಂದು ಮಿಲಿಮೀಟರ್. ಆ ಒಂದು ಮಿಲಿಮೀಟರನ್ನು ಅರ ಹಿಡಿದು ಉಜ್ಜುತ್ತಾ ಒಂದು ಇಡೀ ಸಂಜೆ ಕಳೆದೆ.

ಸಾಮಗ್ರಿಗೆ ಪೇಟೆಗೆ ಹೋಗಬೇಕಾಗಲಿಲ್ಲ. ಗೋಡೆಗೆ ಹಳೆಯ ಲಗ್ನಪತ್ರಿಕೆಗಳ ದಪ್ಪ ರಟ್ಟು. ಯಾರ ಯಾರ ಮದುವೆಯೋ ಒಳಗೋಡೆಯಾಗಿ ನಿಂತಿದೆ. ಕಂಬಕ್ಕೆ ಊದುಬತ್ತಿಯ ಬಿದಿರುಕಡ್ಡಿ. ಮನೆಯ ಮಾಡು ಅಡಕೆಯ ಸೋಗೆಯದಾಗಿತ್ತು. ತೆಂಗಿನ ನಾರು ಹಾಸಿ ನೋಡಿದರೆ ಹಗ್ಗದಷ್ಟು ಒರಟಾಗಿ ಕಂಡಿತು. ಹೂ ಕಟ್ಟುವ ಬಾಳೆನಾರನ್ನು ನೆನೆಸಿ, ಬಾಚಣಿಗೆಯಿಂದ ಎಳೆಎಳೆಯಾಗಿ ಬಾಚಿ, ಕತ್ತರಿಸಿ, ಸೂರಿನಿಂದ ಮೇಲಕ್ಕೆ ಪದರ ಪದರವಾಗಿ ಹೊದಿಸಿದೆ. ಸೋಗೆ ಹೊದಿಸುವವರೂ ಕೆಳಗಿನಿಂದಲೇ ಆರಂಭಿಸುತ್ತಿದ್ದರು. ಇಲ್ಲವಾದರೆ ನೀರು ಒಳಗಿಳಿಯುತ್ತದೆ. ನನ್ನ ಮಾಡಿಗೆ ಮಳೆ ಬೀಳುವ ಭಯವಿಲ್ಲ, ಆದರೂ ಬೇರೆ ರೀತಿ ಹೊದಿಸಲು ಕೈ ಒಪ್ಪಲಿಲ್ಲ.

ಮುಖ್ಯ ಮನೆ ಮುಗಿದ ದಿನ ಅತ್ತೆಯನ್ನು ಕರೆತಂದು ಮೇಜಿನ ಮುಂದೆ ಕೂರಿಸಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಬೆರಳನ್ನು ಮಾಡಿನ ಮೇಲೆ ಆಡಿಸಿದರು, ಬಗ್ಗಿ ಜಗಲಿಯೊಳಗೆ ನೋಡಿದರು. ಆಮೇಲೆ, "ಮುಂದಿನ ಜಗಲಿ ಕಂಬದ ಹತ್ತಿರ ಒಂದು ಒನಕೆ ಒರಗಿಸಿಟ್ಟಿರ್ತಿತ್ತು" ಎಂದರು. ಆ ಸಂಜೆ ಒನಕೆ ಮಾಡಿದೆ. ಹಲ್ಲುಕಡ್ಡಿಯ ತುದಿ ಸಾಕಾಯಿತು. ಮರುದಿನ ಬಾವಿಯ ಪಕ್ಕದ ಬಿಂಬಲದ ಮರ ನೆನಪಾಯಿತು ಅವರಿಗೆ, ಅದರ ಮರುವಾರ ಬಚ್ಚಲೊಲೆಯ ಹೊಗೆಯಿಂದ ಕಪ್ಪಾದ ಗೋಡೆ. ಮುಂಚೆ ಕೇಳಿದಾಗ ಇವೊಂದೂ ಬಂದಿರಲಿಲ್ಲ. ಕಣ್ಣೆದುರು ಮನೆ ನಿಂತ ಮೇಲೆ ಒಂದನ್ನೊಂದು ಕೈಹಿಡಿದು ಬಂದವು.

ಕೊಟ್ಟಿಗೆಯದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದರ ಬಾಗಿಲು ಅಂಗಳದ ಕಡೆಗಿತ್ತೆಂದು ಅತ್ತೆ ಹೇಳುತ್ತಾರೆ. ತೋಟದ ಕಡೆಗಿತ್ತೆಂದು ಅವರ ತಮ್ಮ, ನಮ್ಮ ಚಿಕ್ಕಪ್ಪ, ಹೇಳುತ್ತಾರೆ. ದಿನ ಬೆಳಗಾದರೆ ಹಸು ಬಿಡುತ್ತಿದ್ದವನು ತಾನೇ ಎಂಬುದು ಅವರ ಸಾಕ್ಷ್ಯ. ಇಬ್ಬರೂ ಈ ವಿಚಾರದಲ್ಲಿ ಫೋನಿನಲ್ಲಿ ವಾದಿಸುತ್ತಾರೆ, ವಾದ ಮುಗಿದ ಮೇಲೂ ಬಹಳ ಹೊತ್ತು ಮಾತಾಡುತ್ತಾರೆ. ಮೂರು ಗೋಡೆ ಕತ್ತರಿಸಿ ಇಟ್ಟಿದ್ದೇನೆ. ಬಾಗಿಲಿನ ಗೋಡೆಗೆ ಬೇಕಾದ ರಟ್ಟು ಹಾಗೆಯೇ ಮೇಜಿನ ಮೇಲಿದೆ.